ನಲವತ್ತು ಉಸಿರಿನ ಎಣ್ಣೆ

ಎಣ್ಣೆ ಮಂದವೋ ತೆಳುವೋ ಎಂದು ಅಳೆಯುವ ವಿದ್ಯೆಯನ್ನು ಈ ಸೀಮೆಗೆ ತಂದವನು ನಾನೇ. ಹತ್ತೂರಿನ ಗಾಣದವರು ನನ್ನ ಕಾಲಿಗೆ ಬಿದ್ದು ಕಲಿತು ಹೋಗಿದ್ದಾರೆ.

ಸುಳ್ಳು. ಒಗ್ಗರಣೆಗೆ ಎಷ್ಟು ಎಣ್ಣೆ ಬೀಳಬೇಕು ಅನ್ನುವುದೂ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ನನ್ನನ್ನು ಒಲೆಯ ಹತ್ತಿರ ಬಿಡುವುದಿಲ್ಲ.

ಆದರೆ ಆ ವಿದ್ಯೆ ಬಲ್ಲವರೊಬ್ಬರು ಇದ್ದರು. ಹೆಸರು ನಿರುಪಾದಯ್ಯ. ಹೊಳೆಯ ದಂಡೆಯಲ್ಲಿ ಅವರದೊಂದು ಸಣ್ಣ ಮಠ. ಜನ ಅಜ್ಜಾರು ಎನ್ನುತ್ತಿದ್ದರು. ಯಾವ ಹೊಳೆ ಎಂದು ಕೇಳಬೇಡಿ. ಹೋದ ಸಲ ಹೇಳಿದಾಗ ಮಲಪ್ರಭೆ ಅಂದಿದ್ದೆ, ಅದಕ್ಕೂ ಹಿಂದೆ ಕೃಷ್ಣೆ. ನೀರಿತ್ತು, ಅಷ್ಟು ನಿಜ.

ಮಠದಲ್ಲಿ ವಾರಕ್ಕೊಮ್ಮೆ, ಸೋಮವಾರ, ಕೀಲುನೋವಿನ ಎಣ್ಣೆ ಕಾಯುತ್ತಿತ್ತು. ಎಳ್ಳೆಣ್ಣೆಗೆ ಸೊಪ್ಪು, ಬೇರು ಹಾಕಿ ಸಣ್ಣ ಉರಿಯಲ್ಲಿ ಅರ್ಧ ದಿನ. ಬೇಗ ಇಳಿಸಿದರೆ ಮೈಮೇಲೆ ನಿಲ್ಲದೆ ಜಾರಿಹೋಗುತ್ತದೆ. ತಡ ಮಾಡಿದರೆ ಮೈಯೊಳಗೆ ಇಳಿಯುವುದಿಲ್ಲ. ನಡುವಿನ ಹದ ಒಂದೇ ಒಂದು.

ಆ ಹದ ಹಿಡಿಯಲು ಅಜ್ಜಾರ ಹತ್ತಿರ ಒಂದು ತಾಮ್ರದ ಬಟ್ಟಲಿತ್ತು. ಅದರ ತಳದಲ್ಲಿ ದಬ್ಬಣದ ಮೊನೆಯಷ್ಟು ತೂತು.

ಕಾದ ಎಣ್ಣೆಯಲ್ಲಿ ಒಂದು ತಂಬಿಗೆ ತೆಗೆಯಬೇಕು. ತಂಬಿಗೆಯನ್ನು ಹೊಳೆಯ ನೀರಿನಲ್ಲಿ ಕುತ್ತಿಗೆ ಮುಳುಗುವಂತೆ ಇಟ್ಟು, ಹೊಳೆಯಷ್ಟೇ ತಣ್ಣಗಾಗಲು ಬಿಡಬೇಕು. ಆಮೇಲೆ ತೂತಿಗೆ ಬೆರಳು ಒತ್ತಿ, ಬಟ್ಟಲು ತುಂಬಿ, ಬೆರಳು ತೆಗೆಯಬೇಕು.

ಎಣ್ಣೆ ಎಳೆಯಾಗಿ ಇಳಿಯುತ್ತದೆ. ಅಷ್ಟು ಹೊತ್ತೂ ತನ್ನ ಉಸಿರು ತಾನು ಎಣಿಸಬೇಕು. ಎಳೆ ಹರಿದು ಹನಿಯಾದ ಕೂಡಲೇ ಎಣಿಕೆ ನಿಲ್ಲಿಸಬೇಕು. ಹನಿಗಳು ಲೆಕ್ಕಕ್ಕಿಲ್ಲ.

ಬೇಸಿಗೆಯಲ್ಲಿ ಮೂವತ್ತು ಉಸಿರು. ಚಳಿಗಾಲದಲ್ಲಿ ನಲವತ್ತು. ಅದು ಮಠದ ಲೆಕ್ಕ.

ಮಠಕ್ಕೆ ಒಬ್ಬನೇ ಶಿಷ್ಯ. ಕಾಡಪ್ಪ. ಹೊಳೆಯ ಆಚೆ ದಂಡೆಯ ಊರಿನವನು, ಗಾಣದ ಮನೆತನ, ಮೀಸೆ ಬಲಿತ ಗಂಡಸು. ಅವನು ಬಂದದ್ದು ದೇವರನ್ನು ಹುಡುಕಿಕೊಂಡು ಅಲ್ಲ. ಹೆಂಡತಿಯ ಮೇಲಿನ ಸಿಟ್ಟಿಗೆ ಬಂದವನು.

ಅವನೂ ಊರಿನಲ್ಲಿ ಕೀಲೆಣ್ಣೆ ಕಾಯಿಸುತ್ತಿದ್ದ. ಅವಸರದ ಆಳು, ಅರ್ಧಕ್ಕೇ ಇಳಿಸುತ್ತಿದ್ದ. ಒಂದು ದಿನ ಅವನ ಹೆಂಡತಿ ಬಾಳವ್ವ ನಾಲ್ಕು ಗಿರಾಕಿಗಳ ಎದುರು ಬಾಟಲಿ ಬಗ್ಗಿಸಿ ತೋರಿಸಿದಳು.

"ನೋಡ್ರಿ, ನಮ್ಮ ಯಜಮಾನರ ಎಣ್ಣಿ. ಹೊಳಿ ನೀರು ಇದಕ್ಕಿಂತ ಮಂದ ಐತಿ."

ಗಿರಾಕಿಗಳು ನಕ್ಕರು. ಕಾಡಪ್ಪ ಹೆಗಲ ಮೇಲಿನ ವಲ್ಲಿ ಕೊಡವಿದ.

"ಎಣ್ಣಿ ಕಲತ ಬರ್ತೀನಿ. ನನ್ನ ಕೈಯಾಗ ಹದ ಬರೂತನಕ ಈ ಹೊಸ್ತಲಾ ತುಳಿಯಂಗಿಲ್ಲ!"

"ಆತು, ಹೋಗ್ರಿ," ಅಂದಳು ಬಾಳವ್ವ. "ಬುತ್ತಿ ಕಟ್ಟಲೇನು?"

ಅಷ್ಟು ಸಿಟ್ಟಿನಲ್ಲೂ ಅವನು ಬುತ್ತಿ ಕಟ್ಟುವ ತನಕ ನಿಂತು, ಇಸಿದುಕೊಂಡೇ ಹೋದ.

ಅದಾಗಿ ಮೂರು ವರ್ಷ.

ಮೂರು ವರ್ಷವೂ ಸೋಮವಾರ ಸೋಮವಾರ ಅವನು ಬಟ್ಟಲು ಹಿಡಿದ. ಚಳಿಗಾಲದಲ್ಲಿ ಅವನಿಗೆ ಮೂವತ್ತೊಂದಕ್ಕೆ ಎಳೆ ಹರಿಯುತ್ತಿತ್ತು.

"ಎಷ್ಟು?" ಎಂದು ಅಜ್ಜಾರು ಕೇಳುವರು.

"ಮೂವತ್ತೊಂದ್ರಿ. ಇನ್ನೂ ತೆಳು ಐತಿ. ಒಲಿಗೆ ಇಡ್ಲೇನ್ರಿ?"

"ತಡಿ." ಅಜ್ಜಾರು ತಾವು ಬಟ್ಟಲು ತುಂಬಿ, ಬೆರಳು ತೆಗೆದು, ಕಣ್ಣು ಮುಚ್ಚಿ ಕೂರುವರು. ಎಳೆ ಹರಿದಾಗ ಕಣ್ಣು ತೆರೆಯುವರು. "ನಲವತ್ತು. ಆಗೇತಿ. ಬಾಟ್ಲಿಗೆ ತುಂಬು."

ಅದೇ ಎಣ್ಣೆ. ಅದೇ ಬಟ್ಟಲು. ಅದೇ ಹೊಳೆಯ ತಂಪು.

ಕಾಡಪ್ಪ ಮೊದಲು ತೂತಿನ ಮೇಲೆ ಸಂಶಯಪಟ್ಟ. ಸೂಜಿ ಹಾಕಿ ತಿಕ್ಕಿದ. ಮೂವತ್ತೊಂದು.

ತಂಬಿಗೆ ಇಟ್ಟ ಜಾಗದ ಮೇಲೆ ಸಂಶಯಪಟ್ಟ. ಸೊಂಟದ ಮಟ್ಟ ನೀರಿಗೆ ಇಳಿದು, ಚಳಿಗೆ ಹಲ್ಲು ಕಡಿಯುತ್ತ ಮಡುವಿನಲ್ಲಿ ಇಟ್ಟು ತಂದ. ಮೂವತ್ತೆರಡು.

ರೊಟ್ಟಿಯ ಮೇಲೆ ಸಂಶಯಪಟ್ಟ. ಉಪವಾಸ ಕೂತು ಎಣಿಸಿದ. ಮೂವತ್ತು.

"ಅಜ್ಜಾರ, ಉಪಾಸ ಇದ್ರ ಇನ್ನೂ ಇಳೀತೈತ್ರಿ."

"ಹಂಗಿದ್ರ ಉಣ್ಣು," ಎಂದರು ಅಜ್ಜಾರು. "ಒಂದು ಉಸಿರು ಲಾಭ."

ಕಾಡಪ್ಪನಿಗೆ ನಗು ಬರಲಿಲ್ಲ. ಬಟ್ಟಲು ತೊಳೆಯಲು ದಂಡೆಗೆ ಹೋದ.

ಮಠದ ಮುಂದೆ ಕಟ್ಟೆ. ಕಟ್ಟೆಯ ಮುಂದೆ ಹೊಳೆ. ಆಚೆ ದಂಡೆಯಲ್ಲಿ ಅವನ ಊರು. ಕಣ್ಣು ಕಿರಿದು ಮಾಡಿದರೆ ಒಂದು ಬೇವಿನ ಮರ, ಮರದ ಪಕ್ಕ ಒಂದು ಮಾಳಿಗೆ ಕಾಣುತ್ತಿತ್ತು. ಸೋಮವಾರ ಆ ಕಡೆಯಿಂದ ಅಂಬಿಗರ ದುರಗಪ್ಪನ ಹರಿಗೋಲು ಬರುತ್ತಿತ್ತು. ನೋವಿದ್ದವರು ಬಂದು ಎಣ್ಣೆ ಒಯ್ಯುವರು. ಬರಲಾಗದವರ ಬಾಟಲಿಗಳನ್ನು ದುರಗಪ್ಪ ಬುಟ್ಟಿಯಲ್ಲಿಟ್ಟುಕೊಂಡು ತಾನೇ ಒಯ್ಯುವನು.

ಎಣ್ಣೆ ಅಳೆಯುವ ಹೊತ್ತೂ ಹರಿಗೋಲು ಬರುವ ಹೊತ್ತೂ ಒಂದೇ.

"ನೀ ಏನು ನೋಡ್ತಿ ಆ ಕಡೆ?" ಒಮ್ಮೆ ಅಜ್ಜಾರು ಕೇಳಿದರು.

"ಏನಿಲ್ರಿ. ನೀರು ಎಷ್ಟು ಏರೇತಿ ನೋಡಾಕತ್ತಿದ್ದೆ."

"ನೀರಿಗೆ ಹಸರು ಸೀರಿ ಯಾವಾಗಿಂದ ಬಂತು?"

ಹರಿಗೋಲಿನಲ್ಲಿ ಹಸಿರು ಸೀರೆಯ ಒಬ್ಬಾಕೆ ಕೂತಿದ್ದಳು. ಬೇರೆ ಯಾರೋ. ಕಾಡಪ್ಪ ತಲೆ ತಗ್ಗಿಸಿದ.

"ಇವತ್ತು ಹೊಳಿಗೆ ಬೆನ್ನು ಹಾಕಿ ಎಣಿಸು," ಎಂದರು ಅಜ್ಜಾರು.

ಬೆನ್ನು ಹಾಕಿ ಎಣಿಸಿದ. ಮೂವತ್ತಾರು.

ಅವನು ಎದ್ದು ಕುಣಿಯುವುದೊಂದು ಬಾಕಿ. "ಏರ್ತು! ಅಜ್ಜಾರ, ಐದು ಏರ್ತು!"

"ಇನ್ನ ನಾಕು ಎಲ್ಲಿ ಹೋದ್ವು?"

ಕಾಡಪ್ಪ ಯೋಚಿಸಿದ. ತಗ್ಗಿದ ದನಿಯಲ್ಲಿ ಹೇಳಿದ: "ಹರಿಗೋಲಿನ ಹುಟ್ಟಿನ ಸಪ್ಪಳ ಕೇಳ್ತಿತ್ರಿ."

ಮುಂದಿನ ವಾರ ಕಿವಿಗೆ ಹತ್ತಿ ಇಟ್ಟುಕೊಂಡು ಕೂತ. ಮೂವತ್ತೈದು. ಸಪ್ಪಳ ಕೇಳದೆ ಇದ್ದರೆ ಹರಿಗೋಲು ಬಂತೋ ಇಲ್ಲವೋ ಅನ್ನುವ ಚಿಂತೆ ಇನ್ನೂ ಜಾಸ್ತಿ ಅಂತೆ.

ಆಗ ಅವನಿಗೆ ತಿಳಿಯಿತು. ತೆಳುವಾದದ್ದು ಎಣ್ಣೆ ಅಲ್ಲ, ಉದ್ದವಾದದ್ದು ಉಸಿರು. ಆಚೆ ದಂಡೆ ಕಂಡಾಗಲೆಲ್ಲ ಅವನ ಎದೆ ಒಂದು ಉಸಿರಿನ ಜಾಗದಲ್ಲಿ ಒಂದೂಕಾಲು ಉಸಿರು ಎಳೆದುಕೊಳ್ಳುತ್ತಿತ್ತು.

ತಿಳಿದದ್ದರಿಂದ ಏನೂ ಆಗಲಿಲ್ಲ. ಹದ ಬಂದರೆ ಮನೆಗೆ ಹೋಗಬಹುದು. ಮನೆಗೆ ಹೋಗಬೇಕು ಅನಿಸಿದ್ದಕ್ಕೇ ಹದ ಬರುತ್ತಿಲ್ಲ. ಗಾಣದ ಎತ್ತಿಗಾದರೂ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಇವನು ಕಣ್ಣು ಬಿಟ್ಟುಕೊಂಡು ಸುತ್ತಿದ.

ಮಾಘದಲ್ಲಿ ಅಜ್ಜಾರು ಎರಡು ದಿನಕ್ಕೆಂದು ಪರ ಊರಿಗೆ ಹೋದರು. ನಡುವೆ ಒಂದು ಸೋಮವಾರ ಬಂತು.

ಕಾಡಪ್ಪ ಒಬ್ಬನೇ ಎಣ್ಣೆ ಕಾಯಿಸಿದ. ಒಬ್ಬನೇ ಅಳೆದ. ಮೂವತ್ತೊಂದು.

ತಪ್ಪು ಉಸಿರಿನದು ಎಂದು ಗೊತ್ತಿದ್ದರೂ ಅವನಿಗೆ ನಲವತ್ತೇ ಬೇಕಿತ್ತು. ತಡಿ ಅನ್ನುವವರು ಯಾರೂ ಇರಲಿಲ್ಲ.

ಒಲೆಗೆ ಇಟ್ಟ. ಅಳೆದ. ಮೂವತ್ತನಾಲ್ಕು. ಮತ್ತೆ ಇಟ್ಟ. ಮೂವತ್ತೇಳು. ಕಟ್ಟಿಗೆ ಒಟ್ಟಿದ. ಹೊಗೆಗೆ ಕಣ್ಣು ಕೆಂಪಾದವು. ಎಣ್ಣೆ ಕಪ್ಪಾಯಿತು. ಕೊನೆಗೆ ನಲವತ್ತು ಬಂತು. ನಲವತ್ತು! ತನ್ನ ಕೈಯಿಂದ, ತನ್ನ ಉಸಿರಿನಿಂದ!

ಬಾಟಲಿಗಳಿಗೆ ತುಂಬಿ ದುರಗಪ್ಪನ ಬುಟ್ಟಿಗೆ ಇಟ್ಟ. ಅವತ್ತು ಅವನು ಎರಡು ರೊಟ್ಟಿ ಹೆಚ್ಚು ಉಂಡನಂತೆ. ನಾನೇನು ನೋಡಿಲ್ಲ.

ಮರುದಿನವೇ, ವಾರ ಅಲ್ಲದ ವಾರ, ಹರಿಗೋಲು ಬಂತು. ಅಜ್ಜಾರು ಆಗಷ್ಟೇ ತಿರುಗಿ ಬಂದು ಕಾಲು ತೊಳೆಯುತ್ತಿದ್ದರು.

ದುರಗಪ್ಪ ಬುಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟ. "ಎಲ್ಲಾ ವಾಪಸ್ ಬಂದಾವ್ರಿ ಅಜ್ಜಾರ. ಬಾಟ್ಲಿ ಬೋರಲು ಹಾಕಿದ್ರೂ ಹೊರಗ ಬರವಲ್ದು. ನಮ್ಮ ಮಾವ ಅಂತೂ ಹರಿಗೋಲಿನ ತಳಕ್ಕ ಬಳೀರಿ, ನೀರು ಸೋರಂಗಿಲ್ಲ ಅಂದ."

ಅಜ್ಜಾರು ಒಂದು ಬಾಟಲಿ ಬಗ್ಗಿಸಿದರು. ಎಣ್ಣೆ ಕುತ್ತಿಗೆಯ ತನಕ ಬಂದು ಅಲ್ಲೇ ನಿಂತಿತು.

"ಇನ್ನೊಂದು ಮಾತೈತ್ರಿ," ದುರಗಪ್ಪ ಕಾಡಪ್ಪನ ಕಡೆ ತಿರುಗಿದ. "ನಿನಗ. ಬಾಳವ್ವ ಹೇಳಿ ಕಳಿಸ್ಯಾಳ."

ಕಾಡಪ್ಪ ಕಂಬ ಹಿಡಿದುಕೊಂಡ. "ಬಾಳವ್ವಗ ಯಾಕ ಮುಟ್ಟಿತು ಈ ಎಣ್ಣಿ?"

"ಯಾಕಂದ್ರ? ಮೂರು ವರ್ಷದಿಂದ ಸೋಮಾರಕ್ಕೊಂದು ಬಾಟ್ಲಿ ತರಿಸ್ಕೊಂತಾಳ. ಹೇಳಬ್ಯಾಡ ಅಂದಿದ್ಳು, ಹೇಳಿದ್ದಿಲ್ಲ. ನಿನ್ನೆ ಹೇಳು ಅಂದ್ಳು, ಹೇಳಾಕತ್ತೀನಿ."

"ಆಕಿಗೆ ಏನಾಗೇತಿ? ಕೀಲು ಹಿಡದಾವೇನು? ಸೊಂಟೇನು?"

"ಏನೂ ಆಗಿಲ್ಲಪಾ. ಎರಡು ಕೊಡ ಹೊತ್ಕೊಂಡು ದಂಡಿ ಏರ್ತಾಳ. ಬಾಟ್ಲಿ ಬಂತಂದ್ರ ಬಿಸಲಿಗೆ ಹಿಡಿದು ಚೂರು ಬಗ್ಗಿಸ್ತಾಳ. ಎಳಿ ಹ್ಯಾಂಗ ಬೀಳ್ತೈತಿ ನೋಡ್ತಾಳ. ಆಮ್ಯಾಲೆ ಬೂಚು ಹಾಕಿ ಗ್ವಾಡಿ ಗೂಡಿನ್ಯಾಗ ಸಾಲಿಗೆ ಇಡ್ತಾಳ. ಒಂದು ಹನಿ ಹಚ್ಚಿಕೊಂಡದ್ದು ನಾ ಕಂಡಿಲ್ಲ. ಗೂಡು ತುಂಬಿ ಈಗ ಅಟ್ಟಕ್ಕ ಏರಿಸ್ಯಾಳ."

ಕಾಡಪ್ಪ ಆಚೆ ದಂಡೆಯ ಮಾಳಿಗೆಯ ಕಡೆ ತಿರುಗಿದ.

"ಏನಂತ ಹೇಳಿ ಕಳಿಸ್ಯಾಳ?" ಅಜ್ಜಾರು ಕೇಳಿದರು.

ದುರಗಪ್ಪ ಕೆಮ್ಮಿದ. "ಈ ವಾರದ್ದು ಇವನೊಬ್ಬನ ಕಾಯಿಸಿದ್ದು ಅಂತ ನಾ ಹೇಳಿದ್ದೆ. ಮನ್ಯಾಗಿದ್ದಾಗ ಹೊಳಿ ನೀರಿನಂಗ ಇತ್ತು, ಈಗ ಡಾಂಬರಿನಂಗ ಐತಿ. ನಡುವ ಎಲ್ಲೆರ ನಿಂದರ್ತಾರೇನು ಕೇಳು, ಅಂದ್ಳು."

ಅಜ್ಜಾರು ನಕ್ಕೇ ನಕ್ಕರು. ಕಾಲು ತೊಳೆಯುವ ತಂಬಿಗೆ ಉರುಳಿತು.

ಕಾಡಪ್ಪ ನಗಲಿಲ್ಲ. ದುರಗಪ್ಪ ಹೋದ ಮೇಲೆ ಅಜ್ಜಾರ ಎದುರು ಕೂತ.

"ಅಜ್ಜಾರ, ಮೂರು ವರ್ಷ ಆಕಿ ನೋಡಿದ ಎಣ್ಣಿ ನಿಮ್ಮದು. ತಡಿ ಅಂದವರು ನೀವು, ಆಗೇತಿ ಅಂದವರು ನೀವು. ನನ್ನದು ಅಂತ ಹೊಳಿ ದಾಟಿದ್ದು ಇದೊಂದ ಡಾಂಬರು."

"ಹೂಂ."

"ಆಕಿ ನಾ ಕಲ್ತೀನಿ ಅಂತ ಸಾಲಾಗಿ ಇಟ್ಕೊಂಡ್ಳು. ನಾ ಕಲ್ತಿಲ್ಲ."

"ಹೂಂ."

"ನನಗ ಈ ಹಂಬಲ ಕಳಕೊಳ್ಳೂದು ಕಲಸ್ರಿ. ಮಂತ್ರ ಕೊಡ್ರಿ, ಮೌನ ಕೊಡ್ರಿ, ಏನರ ಕೊಡ್ರಿ. ಆಕಿ ನೆನಪು ಹೋದ್ರ ಉಸಿರು ಸರಿ ಆಗತೈತಿ. ಉಸಿರು ಸರಿ ಆದ್ರ ನಲವತ್ತು ಬರ್ತೈತಿ. ನಲವತ್ತು ಬಂದ್ರ ಆಕಿ ಹತ್ರ ಹೋಗ್ತೀನಿ."

ಅಜ್ಜಾರು ಅವನ ಮುಖವನ್ನೇ ನೋಡಿದರು.

"ಆಕಿ ನೆನಪು ಹೋದ ಮ್ಯಾಲೆ ಯಾರ ಹತ್ರ ಹೋಗ್ತಿ?"

ಕಾಡಪ್ಪ ವಾಪಸ್ ಬಂದ ಬಾಟಲಿಗಳ ಕಡೆ ನೋಡಿದ.

"ಸೋಮಾರ ಬರ್ಲಿ," ಎಂದು ಅಜ್ಜಾರು ಎದ್ದರು. "ಅಲ್ಲೀತನಕ ಈ ಬಾಟ್ಲಿ ತಿಕ್ಕು. ಬಿಸಿನೀರು, ಬೂದಿ ಹಾಕಿ ತಿಕ್ಕು. ಸುಮ್ನ ಹೋಗೂದಲ್ಲ ಅದು."

ಆರು ದಿನ ತಿಕ್ಕಿದ.

ಸೋಮವಾರ ಬಂತು. ಎಣ್ಣೆ ಕಾದಿತು. ತಂಬಿಗೆ ಹೊಳೆಯಲ್ಲಿ ತಣಿಯಿತು. ಆಚೆ ದಂಡೆಯಿಂದ ಹರಿಗೋಲು ಬಿಟ್ಟಿತು.

"ಇವತ್ತು ಮೊದಲು ನಾನು," ಎಂದರು ಅಜ್ಜಾರು. "ನೀ ಎಣ್ಣಿ ನೋಡಬ್ಯಾಡ. ನನ್ನ ಕೈ ನೋಡು."

ಅವರು ಬಟ್ಟಲು ತುಂಬಿ, ಬೆರಳು ತೆಗೆದು, ಕಣ್ಣು ಮುಚ್ಚಿದರು. ಬಲಗೈ ಮೊಣಕಾಲ ಮೇಲಿತ್ತು. ಹೆಬ್ಬೆರಳು ಒಂದೊಂದು ಉಸಿರಿಗೆ ಒಂದೊಂದು ಗೆಣ್ಣು ಮುಟ್ಟುತ್ತ ಹೋಯಿತು. ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು. ಒಂದು ಸುತ್ತು ಮುಗಿಯಿತು. ಎರಡನೇ ಸುತ್ತು ನಿಧಾನವಾಗಿ ಮುಗಿಯಿತು. ಮೂರನೇ ಸುತ್ತಿನ ಮೂರನೇ ಗೆಣ್ಣಿನಲ್ಲಿ ಹೆಬ್ಬೆರಳು ನಿಂತಿತು. ಎಳೆ ಹರಿದಿತ್ತು.

ಅಜ್ಜಾರು ಕಣ್ಣು ತೆರೆದರು. "ನಲವತ್ತು. ಆಗೇತಿ."

ಕಾಡಪ್ಪ ಅವರ ಹೆಬ್ಬೆರಳನ್ನೇ ನೋಡುತ್ತಿದ್ದ.

"ಅಜ್ಜಾರ... ಅದು ಇಪ್ಪತ್ತೇಳು."

"ಹೌದು."

"ನಲವತ್ತು ಅಂದ್ರಿ!"

"ಮೂರು ವರ್ಷದಿಂದ ಅಂತೀನಿ. ನೀ ಇವತ್ತು ಕೈ ನೋಡಿದಿ."

"ನನಗಿಂತಾ ಕಡಿಮಿ ಐತಲ್ರಿ ನಿಮ್ಮದು!"

"ನಿನಗಿಂತಾ ಮುದುಕ ಅದೀನಿ. ಎಳಕೊಳ್ಳೂದು ಜಾಸ್ತಿ ಐತಿ."

ಕಾಡಪ್ಪನಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದಾಗ ಗಂಡಸಿನ ಮುಖ ಹೇಗಾಗುತ್ತದೆ ಅಂತ ನಿಮಗೆ ಗೊತ್ತು.

"ಹಂಗಾರ ಆ ನಲವತ್ತು ಯಾರದ್ರಿ?"

"ನಮ್ಮ ಗುರುಗಳದು. ಅವರು ತೊಟ್ಟಿಲದಾಗ ಇದ್ದಾಗ ಮಠಕ್ಕ ಬಂದವರು. ಯಾವ ದಂಡಿ ಮ್ಯಾಲೂ ಅವರಿಗೆ ಯಾರೂ ಇರಲಿಲ್ಲ."

"ಮತ್ತ ನಿಮಗ?"

ಅಜ್ಜಾರು ಆಚೆ ದಂಡೆಯನ್ನು ತೋರಿಸಲಿಲ್ಲ. ಹೊಳೆ ಬರುವ ದಿಕ್ಕಿಗೆ, ಅದು ತಿರುವಿಕೊಳ್ಳುವ ಕಡೆಗೆ ಕೈ ಮಾಡಿದರು.

"ಅಲ್ಲೊಂದು ಊರಿತ್ತು."

"ಈಗ?"

"ಅಣೆಕಟ್ಟು ಆತಲ್ಲ. ಈಗ ನೀರೈತಿ."

ಕಾಡಪ್ಪ ಆ ಕಡೆ ನೋಡಿದ. ನೀರೇ ಇತ್ತು. ಪ್ರತಿ ಸೋಮವಾರ ಅಜ್ಜಾರು ತಂಬಿಗೆ ಅದ್ದುತ್ತಿದ್ದದ್ದು ಅಲ್ಲಿಂದ ಇಳಿದು ಬಂದ ನೀರಿನಲ್ಲೇ.

ಅವನು ಇತ್ತ ತಿರುಗಿ ಕೇಳಿದ: "ಇಪ್ಪತ್ತೇಳು ಬಂದ್ರೂ ಎಣ್ಣಿ ಹದ ಆಗೇತಿ ಅಂತ ಹ್ಯಾಂಗ ಗೊತ್ತಾಗತೈತ್ರಿ ನಿಮಗ?"

"ಮೊದಮೊದಲು ನಾನೂ ನಲವತ್ತು ಬರೂತನಕ ಕಾಯಿಸಿದೆ. ಒಂದು ವರ್ಷ ಮಠದಾಗ ಡಾಂಬರ ಡಾಂಬರು. ಗುರುಗಳು ಒಂದು ದಿನ ತಮ್ಮ ನಲವತ್ತರ ಎಣ್ಣಿ ನನ್ನ ಕೈಯಾಗ ಕೊಟ್ಟು, ಇದು ನಿನಗೆಷ್ಟು ಅಂದ್ರು. ಇಪ್ಪತ್ತೇಳು ಅಂದೆ. ಹಂಗಾರ ನಿನ್ನ ಹದ ಇಪ್ಪತ್ತೇಳು, ಹೋಗಿ ಉಣ್ಣು ಅಂದ್ರು."

"ಇದನ್ನ ನನಗ ಮೂರು ವರ್ಷದ ಹಿಂದ ಹೇಳಬಹುದಿತ್ತಲ್ರಿ!"

"ನೀ ಬಂದ ದಿನಾನ, ನಲವತ್ತು ಬರೂತನಕ ಹೊಳಿ ದಾಟಂಗಿಲ್ಲ ಅಂತ ಆಣಿ ಮಾಡಿದಿ. ನಾ ಮಾಡು ಅಂದಿದ್ದೆನೇನು? ಮೂರು ವರ್ಷ ನಲವತ್ತು ಯಾಕ ಬರವಲ್ದು ಅಂತ ಕೇಳಿದಿ. ಬಂದದ್ದು ಎಷ್ಟು ಅಂತ ಒಂದು ದಿನಾ ಕೇಳಲಿಲ್ಲ."

ಹರಿಗೋಲು ಹತ್ತಿರ ಬಂದಿತ್ತು. ಹುಟ್ಟಿನ ಸಪ್ಪಳ ಕೇಳುತ್ತಿತ್ತು.

ಅಜ್ಜಾರು ಬಟ್ಟಲನ್ನು ಅವನ ಕಡೆ ಸರಿಸಿದರು. "ಎಣಿಸು. ಹೊಳಿಗೆ ಮುಖಾ ಮಾಡಿ ಎಣಿಸು."

ಕಾಡಪ್ಪ ಎಣಿಸಿದ. ಈ ಸಲ ಉಸಿರನ್ನು ಹಿಡಿಯಲಿಲ್ಲ, ತಳ್ಳಲಿಲ್ಲ. ಬೇವಿನ ಮರ ಕಂಡಿತು. ಮಾಳಿಗೆ ಕಂಡಿತು. ಅಟ್ಟಕ್ಕೇರಿದ ಬಾಟಲಿಗಳು ಕಾಣಲಿಲ್ಲ, ಆದರೂ ಕಂಡವು. ಎದೆ ಎಳೆದುಕೊಂಡಷ್ಟು ಎಳೆದುಕೊಂಡಿತು.

ಎಳೆ ಹರಿಯಿತು.

"ಎಷ್ಟು?"

"ಮೂವತ್ತೊಂದು."

"ಎಣ್ಣಿ?"

ಕಾಡಪ್ಪ ಅಜ್ಜಾರ ಮುಖ ನೋಡಲಿಲ್ಲ. ತಂಬಿಗೆಯ ಎಣ್ಣೆಯನ್ನು ಬಿಸಿಲಿಗೆ ಹಿಡಿದು ಚೂರು ಬಗ್ಗಿಸಿದ. ಎಳೆ ಅವಸರವಿಲ್ಲದೆ ಇಳಿದು, ತಂಬಿಗೆಯ ಅಂಚಿನಿಂದ ಅವನ ಹೆಬ್ಬೆರಳಿಗೆ ಬಂದು ಮೆಲ್ಲಗೆ ಕೂತಿತು. ಉಜ್ಜಿದ. ಚರ್ಮದೊಳಗೆ ಇಳಿಯಿತು.

"ಆಗೇತ್ರಿ," ಎಂದ.

"ಹಂಗಾರ ತುಂಬು."

ದುರಗಪ್ಪ ಬುಟ್ಟಿ ಹಿಡಿದು ಕಟ್ಟೆ ಹತ್ತಿ ಬಂದ. ಬಾಟಲಿಗಳನ್ನು ಒಂದೊಂದಾಗಿ ಇಟ್ಟುಕೊಂಡ. ಕೊನೆಯ ಬಾಟಲಿ ಕಾಡಪ್ಪನ ಕೈಯಲ್ಲೇ ಉಳಿದಿತ್ತು.

"ಕೊಡಪಾ. ಅದು ಬಾಳವ್ವಂದಲ್ಲ?"

"ಇದನ್ನ ನಾ ಒಯ್ತೀನಿ."

ದುರಗಪ್ಪ ಅಜ್ಜಾರ ಮುಖ ನೋಡಿದ. ಅಜ್ಜಾರು ಬಟ್ಟಲು ಒರೆಸುತ್ತಿದ್ದರು.

ಕಾಡಪ್ಪ ಅವರ ಕಾಲಿಗೆ ನಮಸ್ಕರಿಸಿ, ವಲ್ಲಿ ಹೆಗಲಿಗೆ ಹಾಕಿಕೊಂಡು ಹರಿಗೋಲಿನಲ್ಲಿ ಕೂತ. ಬಾಟಲಿ ಎರಡೂ ಕೈಯಲ್ಲಿತ್ತು. ದುರಗಪ್ಪ ಹುಟ್ಟನ್ನು ನೆಲಕ್ಕೆ ಒತ್ತಿ ಹರಿಗೋಲನ್ನು ದಂಡೆಯಿಂದ ಬಿಡಿಸಿದ.

ಇಲ್ಲಿ ಒಂದು ಮಾತು, ತಪ್ಪು ತಿಳಿಯಬೇಡಿ. ನಾನು ಕುಡಿದ ಚಹಾದ ದುಡ್ಡು ನೀವೇ ಕೊಟ್ಟುಬಿಡಿ, ಈಗಲೇ. ಕೊನೆಯ ಮಾತು ಹೇಳಿದ ಮೇಲೆ ನೀವು ಸುಮ್ಮನೆ ಎದ್ದು ಹೋಗುತ್ತೀರಿ, ಕೇಳಲು ನನಗೂ ಬಾಯಿ ಬರುವುದಿಲ್ಲ. ಪ್ರತಿ ಸಲ ಹೀಗೇ ಆಗುತ್ತದೆ.

ಸರಿ. ಹರಿಗೋಲು ನಾಲ್ಕು ಮಾರು ಹೋಗಿತ್ತು. ಕಾಡಪ್ಪ ತಿರುಗಿ ಕೂಗಿದ.

"ಅಜ್ಜಾರ! ಮನಿ ಮುಟ್ಟಿದ ಮ್ಯಾಲೆ ಈ ಉಸಿರು ಸಣ್ಣದಾಗತೈತಿ! ಆಗ ನನಗೂ ನಲವತ್ತು ಬರಬಹುದಲ್ರಿ?"

ಅಜ್ಜಾರು ದಂಡೆಯ ಅಂಚಿಗೆ ಬಂದು ನಿಂತರು. ನೀರು ಅವರ ಕಾಲಿಗೆ ತಾಗುತ್ತಿತ್ತು.

"ಬಂದ್ರ ಹೇಳಿ ಕಳಿಸು, ತಮ್ಮಾ. ಇಪ್ಪತ್ತೇಳರ ಮುಂದ ಏನೈತಿ ಅಂತ ನನಗೂ ಕೇಳೂದೈತಿ."